ಮನೆಯ ಮಾತು, ಶಾಲೆಯ ಮಾತು

ಮಕ್ಕಳ ಶಬ್ದಸಂಪತ್ತನ್ನು ಬೆಳೆಸುವುದು ಹೇಗೆಂಬ ಪ್ರಶ್ನೆ ಹೊಸದೇನೂ ಅಲ್ಲ. ನಮ್ಮ ಹಿರಿಯರು ಅದಕ್ಕೆ ಬಾಯಿಪಾಠವೆಂಬ ಉತ್ತರವನ್ನು ಕಂಡುಕೊಂಡಿದ್ದರು. ಐಗಳ ಶಾಲೆಯ ಹುಡುಗರು ಅಮರಕೋಶವನ್ನು ಉರುಹೊಡೆಯುತ್ತಿದ್ದರು. ಉತ್ತರ ಹಿಂದುಸ್ಥಾನದ ಮಕ್ತಬುಗಳಲ್ಲಿ ಅಮೀರ ಖುಸ್ರೋವಿನ ಹೆಸರಿನಲ್ಲಿ ಪ್ರಚಲಿತವಾದ 'ಖಾಲಿಕ್ ಬಾರಿ'ಯನ್ನು ಓದಿಸುತ್ತಿದ್ದರು. ಅರಬ್ಬಿ, ಫಾರಸಿ ಶಬ್ದಗಳಿಗೆ ಹಿಂದವಿಯ ಸಮಾನ ಪದಗಳನ್ನು ಪದ್ಯದಲ್ಲಿ ಹೆಣೆದ ಕೋಶವದು. ಗಮನಿಸತಕ್ಕ ಸಂಗತಿಯೆಂದರೆ, ಪರಭಾಷೆಯನ್ನು ಕಲಿಸುವಾಗಲೂ ಅದು ಮಗುವಿಗೆ ಪರಿಚಿತವಾದ ಮಾತನ್ನೇ ಊರುಗೋಲಾಗಿ ಹಿಡಿದಿತ್ತು.

ಆ ಊರುಗೋಲನ್ನು ಕಸಿದುಕೊಂಡರೆ ಏನಾಗುವುದೆಂಬುದಕ್ಕೆ ನಮ್ಮ ಬೀದರ ಜಿಲ್ಲೆಯ ಇತಿಹಾಸವೇ ಸಾಕ್ಷಿ. 1472ರಲ್ಲಿ ಮಹಮೂದ ಗವಾನನ ಮದರಸೆ ಎದ್ದ ಊರಿಗೆ ವಿದ್ಯೆಯ ಹಿರಿಮೆಯನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಆದರೆ ನಿಜಾಮರ ಆಳಿಕೆಯ ಕೊನೆಯ ದಶಕಗಳಲ್ಲಿ ಕಚೇರಿಯ ಭಾಷೆ ಉರ್ದು, ಶಾಲೆಯಲ್ಲಿ ಪ್ರಾಶಸ್ತ್ಯ ಉರ್ದುವಿಗೆ. 1918ರಲ್ಲಿ ಹೈದರಾಬಾದಿನಲ್ಲಿ ಸ್ಥಾಪಿತವಾದ ಉಸ್ಮಾನಿಯಾ ವಿಶ್ವವಿದ್ಯಾಲಯದ ಬೋಧನಮಾಧ್ಯಮವೂ ಉರ್ದುವೇ ಆಗಿತ್ತು. ದೇಶಭಾಷೆಯಲ್ಲಿ ಉಚ್ಚಶಿಕ್ಷಣ ಸಾಧ್ಯವೆಂದು ತೋರಿಸಿದ ಕೀರ್ತಿ ಅದಕ್ಕೆ ಸಲ್ಲತಕ್ಕದ್ದೇ. ಆದರೆ ಆ ದೇಶಭಾಷೆ ಭಾಲ್ಕಿ, ಔರಾದಗಳ ಕನ್ನಡ ಒಕ್ಕಲುಮಕ್ಕಳ ಮನೆಯ ಮಾತಾಗಿರಲಿಲ್ಲ. ಕೂರಿಗೆ, ಕುಂಟೆ, ತೊಗರಿ, ಜೋಳ ಎಂದು ಹೊಲದಲ್ಲಿ ಬಲ್ಲ ಮಾತು ಹಲಗೆಯ ಮೇಲೆ ಕಾಣದು. ಹಲಗೆಯ ಮೇಲೆ ಕಂಡ ಮಾತು ಹೊಲದಲ್ಲಿ ಕೇಳದು. ಇಂಥ ಮಗು ಓದನ್ನು ಬಿಟ್ಟರೆ ಆಶ್ಚರ್ಯವೇನು?

ಆ ಕಾಲದಲ್ಲಿ ಭಾಲ್ಕಿ ಹಿರೇಮಠದ ಚನ್ನಬಸವ ಪಟ್ಟದ್ದೇವರು ಕೈಗೊಂಡ ಕಾರ್ಯ ನಮ್ಮ ಸೀಮೆಯಲ್ಲಿ ಮನೆಮಾತಾಗಿದೆ. ಶಾಲೆಯ ಹೊರಗೆ ಉರ್ದು ಫಲಕ, ಒಳಗೆ ಕನ್ನಡ ಪಾಠ! ಭಾಲ್ಕಿಯಲ್ಲಿಯೂ ಔರಾದ ಸೀಮೆಯ ಕಮಲನಗರದಲ್ಲಿಯೂ ಅವರು ಬಡಮಕ್ಕಳಿಗೆ ಅನ್ನವಿಕ್ಕಿ ಅಕ್ಷರ ಕಲಿಸಿದರು. ಮಗುವಿನ ನಾಲಗೆಯ ಮೇಲಿದ್ದ ಮಾತಿಗೆ ಲಿಪಿಯ ಮರ್ಯಾದೆ ದೊರೆಯಿತು. 1948ರ ಸೆಪ್ಟೆಂಬರದಲ್ಲಿ ನಿಜಾಮರ ಸೈನ್ಯ ಶರಣಾಯಿತು. 1956ರ ನವೆಂಬರ 1ರಂದು ಬೀದರ, ಭಾಲ್ಕಿ, ಔರಾದಗಳು ವಿಶಾಲ ಮೈಸೂರು ರಾಜ್ಯವನ್ನು ಸೇರಿದವು. ಶತಾಯುಷಿಗಳಾಗಿ 1999ರಲ್ಲಿ ಲಿಂಗೈಕ್ಯರಾದ ಪಟ್ಟದ್ದೇವರು ಇವೆಲ್ಲವನ್ನೂ ಕಣ್ಣಾರೆ ಕಂಡರು.

ಇದನ್ನು ಉರ್ದುವಿನ ಮೇಲಣ ಹಗೆಯೆಂದು ಯಾರೂ ಬಗೆಯಬಾರದು. ದವಾಖಾನೆ, ಜಮೀನು, ಖುರ್ಚಿ, ತಹಸೀಲ್ದಾರ ಎಂಬ ಮಾತುಗಳು ಇಂದಿಗೂ ನಮ್ಮವೇ. ಮರಾಠಿಯಿಂದ ಬಂದವೂ ಹಾಗೆಯೇ. ತನ್ನ ಬೇರು ಗಟ್ಟಿಯಿದ್ದ ಭಾಷೆ ಬಂದ ಶಬ್ದಗಳನ್ನೆಲ್ಲ ಅರಗಿಸಿಕೊಳ್ಳುತ್ತದೆ, ಮಗುವೂ ಅಷ್ಟೆ.

ಈಗ ಶಾಲೆಯ ಫಲಕದ ಮೇಲೆ ಇಂಗ್ಲಿಷು ಬಂದಿದೆ. ಅದನ್ನು ಬರೆಸಿದವರು ಯಾವ ಅರಸರೂ ಅಲ್ಲ, ತಂದೆತಾಯಿಗಳೇ. ನನ್ನ ತರಗತಿಗೆ ಬರುವ ತರುಣರಲ್ಲಿ ಕೆಲವರು ಧಾನ್ಯಗಳ ಇಂಗ್ಲಿಷ್ ಹೆಸರುಗಳನ್ನು ಬಲ್ಲರು. ಅಜ್ಜಿ ಮೊರ ಹಿಡಿದು ಮಾಡುವ ಕೆಲಸಕ್ಕೆ 'ಕೇರುವುದು' ಎನ್ನುತ್ತಾರೆಂದು ಅರಿಯರು. ಇಂಗ್ಲಿಷು ಬೇಡವೆಂದು ನಾನು ಹೇಳುತ್ತಿಲ್ಲ. ಮೊದಲು ಮನೆಯ ಮಾತು, ಅದರ ಮಗ್ಗುಲಲ್ಲಿ ಹೊಸ ಮಾತು. ಇದೇ ಖಾಲಿಕ್ ಬಾರಿಯ ಕ್ರಮ. ಎಳ್ಳಮಾವಾಸ್ಯೆಗೆ ಹೊಲಕ್ಕೆ ಹೋದಾಗ ಕಂಡದ್ದನ್ನೆಲ್ಲ ಮಗುವಿಗೆ ಹೆಸರಿಟ್ಟು ತೋರಿಸಿರಿ. ಬಂದಮೇಲೆ ಕಂಡದ್ದನ್ನು ಅದರ ಬಾಯಿಂದಲೇ ಹೇಳಿಸಿರಿ, ಆಮೇಲೆ ಬರೆಯಿಸಿರಿ. ಇದಕ್ಕೆ ಹಣ ಬೇಡ, ಹೊತ್ತು ಬೇಕು. ಹಿಂದೆ ಫಲಕದ ಮರೆಯಲ್ಲಿ ನಡೆಯಬೇಕಾಗಿದ್ದ ಪಾಠವನ್ನು ಇಂದು ತೆರೆದ ಬಾಗಿಲಲ್ಲಿ ನಡೆಸಲು ನಮಗೆ ಯಾರ ಅಡ್ಡಿಯೂ ಇಲ್ಲ.