ಸ್ಟೆಡಿಕ್ಯಾಮ್ ನಿಲುವು: ಎಡ ಮತ್ತು ಬಲ

ನಡೆಯುತ್ತಲೇ ಕುಲುಕಿಲ್ಲದೆ ಚಿತ್ರಿಸಲು ಮೈಗೆ ಕಟ್ಟಿಕೊಳ್ಳುವ ಸಾಧನ ಸ್ಟೆಡಿಕ್ಯಾಮ್. ಅದನ್ನು ಕಟ್ಟಿಕೊಂಡು ನಡೆಯುವ ಆಪರೇಟರ್ ಕ್ಯಾಮೆರಾವನ್ನು ಮೈಯ ಯಾವ ಮಗ್ಗುಲಲ್ಲಿ ಇಟ್ಟುಕೊಳ್ಳುತ್ತಾರೆ ಎಂಬುದನ್ನು ನಿಲುವು ಎನ್ನಬಹುದು. ಎಡ ಮಗ್ಗುಲಾದರೆ ‘ರೆಗ್ಯುಲರ್’, ಬಲವಾದರೆ ‘ಗೂಫಿ’. ಇಷ್ಟು ಸರಳ ವಿಷಯ ಬರಹಗಳಲ್ಲಿ ಗೋಜಲಾಗಲು ಕಾರಣವಿದೆ. ರೆಗ್ಯುಲರ್ ನಿಲುವಿನಲ್ಲಿ ಕ್ಯಾಮೆರಾ ಎಡಕ್ಕಿದ್ದರೂ ಅದನ್ನು ಹೊರುವ ಸ್ಪ್ರಿಂಗ್ ತೋಳು ಆಪರೇಟರ್ ತೊಟ್ಟ ವೆಸ್ಟಿನ ಬಲಬದಿಯ ಸಾಕೆಟ್ಟಿನಿಂದ ಹೊರಟು ಎದೆಯ ಮುಂದೆ ಹಾದು ಬರುತ್ತದೆ. ಬಲಗೈ ತೋಳಿನ ತುದಿಯ ಹಿಡಿಯಲ್ಲಿರುತ್ತದೆ, ಎಡಗೈ ಬೆರಳುಗಳು ಗಿಂಬಲ್ ಎಂಬ ತಿರುಗುವ ಕೀಲಿನ ಕೆಳಗೆ, ಕ್ಯಾಮೆರಾ ಕೂತಿರುವ ಕಂಬವನ್ನು ಮುಟ್ಟಿರುತ್ತವೆ. ಕ್ಯಾಮೆರಾ ನೋಡಿದವರು ಇದನ್ನು ಎಡ ಎನ್ನುತ್ತಾರೆ, ಸಾಕೆಟ್ ನೋಡಿದವರು ಬಲ ಎನ್ನುತ್ತಾರೆ. ಗೂಫಿ ಎಂದರೆ ಎಡಚರ ನಿಲುವು ಎಂಬ ತಪ್ಪು ತಿಳಿವಳಿಕೆ ಇದರ ಮೇಲೆ ಸೇರಿಕೊಂಡಿದೆ. ಕ್ಯಾಮೆರಾ ಇರುವ ಬದಿಯನ್ನೇ ಇಲ್ಲಿ ಆಧಾರವಾಗಿ ಹಿಡಿದಿದೆ.

ಸಾಧನದ ಹುಟ್ಟಿನ ಕಥೆ ಚಿರಪರಿಚಿತ. ಫಿಲಡೆಲ್ಫಿಯಾದ ಗ್ಯಾರೆಟ್ ಬ್ರೌನ್ 1970ರ ದಶಕದ ಮೊದಲರ್ಧದಲ್ಲಿ ಇದನ್ನು ರೂಪಿಸಿದರು. ಸಿನಿಮಾ ಪ್ರಾಡಕ್ಟ್ಸ್ ಕಂಪನಿ ಮಾರುಕಟ್ಟೆಗೆ ತಂದಿತು. 1976ರ ‘ಬೌಂಡ್ ಫಾರ್ ಗ್ಲೋರಿ’, ‘ಮ್ಯಾರಥಾನ್ ಮ್ಯಾನ್’, ‘ರಾಕಿ’ ಚಿತ್ರಗಳಿಂದ ಅದು ಹೆಸರಾಯಿತು. ನಿಲುವಿನ ಇತಿಹಾಸಕ್ಕೆ ಇವೆಲ್ಲಕ್ಕಿಂತ ಮುಖ್ಯವಾದದ್ದು, ಕಣ್ಣನ್ನು ಕ್ಯಾಮೆರಾಕ್ಕೆ ಒತ್ತಿ ಹಿಡಿಯುವ ಅಗತ್ಯ ತಪ್ಪಿದ್ದು. ಹಳೆಯ ಸ್ಟುಡಿಯೋ ಕ್ಯಾಮೆರಾಗಳಲ್ಲಿ ವ್ಯೂಫೈಂಡರ್ ಎಡಬದಿಗಿರುತ್ತಿತ್ತು, ಆಪರೇಟರ್ ನಿಲ್ಲುತ್ತಿದ್ದದ್ದೂ ಆ ಬದಿಗೇ. ಅಂದರೆ ಕ್ಯಾಮೆರಾ ಅವರ ಬಲಕ್ಕಿರುತ್ತಿತ್ತು. ಆ ರೂಢಿಯೇ ಮುಂದುವರಿದಿದ್ದರೆ ಇಂದು ಗೂಫಿ ಎನಿಸಿಕೊಳ್ಳುವುದೇ ಸಹಜ ನಿಲುವಾಗಬೇಕಿತ್ತು. ಆದದ್ದು ಅದರ ತಿರುವುಮುರುವು. ಕಂಬದ ಬುಡದಲ್ಲಿ ಪುಟ್ಟ ಮಾನಿಟರ್ ಬಂದ ಮೇಲೆ ಎರಡೂ ಮಗ್ಗುಲಿಂದ ಚಿತ್ರ ಒಂದೇ ತೆರನಾಗಿ ಕಾಣುತ್ತದೆ. ಹೀಗಾಗಿ ಎಡಬದಿಯ ಪ್ರಾಬಲ್ಯಕ್ಕೆ ಹಳೆಯ ಕ್ಯಾಮೆರಾಮನ್‌ಗಳ ಅಭ್ಯಾಸವನ್ನು ಕಾರಣವಾಗಿ ಕೊಡಲು ಬರುವುದಿಲ್ಲ.

ಬಲಗೈ ರೂಢಿಯೇ ಕಾರಣ ಎಂಬ ವಾದ ಹೆಚ್ಚು ಪ್ರಚಲಿತ. ಆದರೆ ಯಾವ ಕೈ ಏನು ಮಾಡುತ್ತದೆ ಎಂದು ನೋಡಿದರೆ ಅದೂ ಸಡಿಲವಾಗುತ್ತದೆ. ಕ್ಯಾಮೆರಾವನ್ನು ಎಳೆಯಷ್ಟು ಹೊರಳಿಸುವ, ಚೌಕಟ್ಟನ್ನು ಮಟ್ಟಸವಾಗಿ ಉಳಿಸುವ ಅತಿ ನವಿರಾದ ಕೆಲಸ ಕಂಬದ ಮೇಲಿನ ಕೈಯದು. ಬಲಗೈ ರೂಢಿಯ ಬಹುಪಾಲು ಆಪರೇಟರ್‌ಗಳು ರೆಗ್ಯುಲರ್ ನಿಲುವಿನಲ್ಲಿ ಈ ಕೆಲಸವನ್ನು ಎಡಗೈಗೇ ಬಿಟ್ಟಿದ್ದಾರೆ. ಚುರುಕು ಕೈಗೆ ನವಿರು ಕೆಲಸ ಎಂಬ ನಿಯಮ ನಿಜವಾಗಿದ್ದರೆ ಅವರೆಲ್ಲ ಗೂಫಿ ಆಗಬೇಕಿತ್ತು. ಬಲಗೈಗೆ ಬಲ ಹೆಚ್ಚು, ಭಾರದ ಕಡೆ ಅದು ಬೇಕು ಎಂದು ಇದಕ್ಕೆ ಉತ್ತರ ಬರುತ್ತದೆ. ಭಾರವನ್ನು ಹೊರುವುದು ಸ್ಪ್ರಿಂಗ್ ಮತ್ತು ವೆಸ್ಟು, ಕೊನೆಗೆ ಸೊಂಟ, ಕೈಯಲ್ಲ. ಆದರೂ ಈ ಆಕ್ಷೇಪವನ್ನು ಪೂರ್ತಿ ತಳ್ಳಿಹಾಕಬಾರದು. ತೂಗಿ ನಿಂತ ಹೊರೆಯನ್ನು ಮೇಲೆತ್ತಲು, ಇಳಿಸಲು, ಓಟದ ನಡುವೆ ತಡೆಯಲು ಹಿಡಿಯ ಮೇಲಿನ ಕೈಗೆ ಕಸುವು ಬೇಕೇ ಬೇಕು. ವೀಣೆ ನುಡಿಸುವವರ ಎಡಗೈ ಗಮಕದ ಸೂಕ್ಷ್ಮವನ್ನು ಕಲಿತುಕೊಳ್ಳುವಂತೆ ಇಲ್ಲಿಯೂ ಎರಡು ಕೈಗಳು ಎರಡು ಬಗೆಯ ಜಾಣತನವನ್ನು ಅಭ್ಯಾಸದಿಂದ ಪಡೆಯುತ್ತವೆ. ಹುಟ್ಟುಗುಣಕ್ಕಿಂತ ಮೊದಲು ಕಲಿತ ಬದಿಯೇ ಗಟ್ಟಿ ಎಂದು ತೋರುತ್ತದೆ.

ಆ ಮೊದಲ ಕಲಿಕೆಯನ್ನು ನಿರ್ಧರಿಸುವುದು ಸಲಕರಣೆ. ಬಾಡಿಗೆಗೆ ಬರುವ ವೆಸ್ಟು ಸಾಮಾನ್ಯವಾಗಿ ರೆಗ್ಯುಲರ್‌ಗೆ ಹೊಂದಿಸಿಯೇ ಇರುತ್ತದೆ. ಬದಿ ಬದಲಿಸಲು ಸಾಕೆಟ್ಟನ್ನು ಬಿಚ್ಚಿ ಎಡಕ್ಕೆ ಕೂರಿಸಬೇಕು, ತೋಳಿನ ಮೊಣಕೈ ಮಡಚುವ ದಿಕ್ಕೂ ಬದಲಾಗುತ್ತದೆ. ಚಿತ್ರೀಕರಣದ ಅವಸರದಲ್ಲಿ ಇದಕ್ಕೆ ಬಿಡುವು ಸಿಗುವುದು ಕಷ್ಟ. ಹೆಸರೂ ತನ್ನ ಪಾಲಿನ ಕೆಲಸ ಮಾಡಿದೆ. ಗೂಫಿ ಎಂಬುದು ಅಲೆಸವಾರಿಯಿಂದ (ಸರ್ಫಿಂಗ್) ಬಂದ ಮಾತು. ಅಲ್ಲಿ ಬಲಗಾಲು ಮುಂದಿಟ್ಟು ನಿಲ್ಲುವವರನ್ನು ಹಾಗೆ ಕರೆಯುತ್ತಾರೆ. 1937ರ ‘ಹವಾಯಿಯನ್ ಹಾಲಿಡೇ’ ಕಾರ್ಟೂನಿನಲ್ಲಿ ಅಲೆಸವಾರಿ ಮಾಡುವ ಡಿಸ್ನಿಯ ಗೂಫಿಯಿಂದಲೇ ಅದು ಬಂತೆಂಬ ವಿವರಣೆ ಜನಪ್ರಿಯ. ಒಂದು ಬದಿಗೆ ‘ಕ್ರಮಬದ್ಧ’, ಇನ್ನೊಂದಕ್ಕೆ ‘ಪೆದ್ದು’ ಎಂಬ ಅರ್ಥದ ಹೆಸರಿಟ್ಟರೆ ಕಲಿಯುವವರು ಯಾವುದನ್ನು ಆರಿಸುತ್ತಾರೆ ಎಂಬುದು ಊಹಿಸಲಾಗದ್ದಲ್ಲ. ವಾಸ್ತವದಲ್ಲಿ ಗೂಫಿಗೆ ಅದರದೇ ಉಪಯೋಗವಿದೆ: ಎಡಗೋಡೆಗೆ ಒತ್ತಿಕೊಂಡು ಸಾಗುವ ಓಣಿಯಲ್ಲಿ ಕ್ಯಾಮೆರಾ ಬಲಕ್ಕಿದ್ದರೆ ಅದು ಗೋಡೆಗೆ ತಾಗದು. 30 ಕಿಲೋ ಆಸುಪಾಸಿನ ಹೊರೆಯನ್ನು ವರ್ಷಗಟ್ಟಲೆ ಒಂದೇ ಮಗ್ಗುಲಲ್ಲಿ ತಡೆಯುವ ಬೆನ್ನಿಗೆ ಬದಿ ಬದಲಿಸುವ ಅಭ್ಯಾಸ ಒಳಿತೆಂಬ ಮಾತಿಗೂ ತೂಕವಿದೆ.

2013ರಲ್ಲಿ ಫ್ರೀಫ್ಲೈ ಕಂಪನಿಯ ಮೋವಿ ಬಂದು, ಮೋಟಾರು ಗಿಂಬಲ್‌ಗಳನ್ನು ಎರಡೂ ಕೈಯಲ್ಲಿ ಎದೆಯ ನೇರಕ್ಕೆ ಹಿಡಿಯುವ ಪದ್ಧತಿ ಹರಡಿತು. ಅಲ್ಲಿ ಮಗ್ಗುಲಿನ ಪ್ರಶ್ನೆಯೇ ಏಳುವುದಿಲ್ಲ. ಆದರೆ 2016ರಲ್ಲಿ ಬಂದ ಆರಿ ಕಂಪನಿಯ ಟ್ರಿನಿಟಿ ಮೋಟಾರನ್ನು ಅಳವಡಿಸಿಕೊಂಡರೂ ತೋಳು ಮತ್ತು ವೆಸ್ಟನ್ನು ಬಿಡಲಿಲ್ಲ. ಅದನ್ನು ಕಟ್ಟಿಕೊಳ್ಳುವವರು ಇಂದಿಗೂ ಮೊದಲು ಸಾಕೆಟ್ ಯಾವ ಬದಿಗಿದೆ ಎಂದು ನೋಡಬೇಕು.