ನಮ್ಮ ಸೀಮೆಯ ಬೇಟೆಯೂ ಬೇಡರ ವಿದ್ಯೆಯೂ

ಕಬಿನಿಯ ದಂಡೆಯ ಕಾಕನಕೋಟೆಯಿಂದ ಹೊರಟು, ಲಕ್ಷ್ಮಣತೀರ್ಥವನ್ನು ದಾಟಿ, ಕೃಷ್ಣರಾಜನಗರದ ನಾಲೆಗಳ ಗದ್ದೆಬಯಲಿನವರೆಗೆ ನಡೆದು ಬಂದವನಿಗೆ ದಟ್ಟವಾದ ಕಾಡು ಸ್ವಲ್ಪಸ್ವಲ್ಪವಾಗಿ ಹೊಲವಾಗಿ, ಹೊಲವು ಗದ್ದೆಯಾಗಿ ಮಾರ್ಪಡುವುದು ಕಾಣಬರುತ್ತದೆ. ಹೆಗ್ಗಡದೇವನಕೋಟೆ, ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ ಎಂಬ ಈ ನಾಲ್ಕು ತಾಲ್ಲೂಕುಗಳ ಚರಿತ್ರೆಯಲ್ಲಿ ಅರಸರ ಕಾಳಗಗಳಿಗೂ ದೇವಾಲಯಗಳಿಗೂ ಸಾಕಷ್ಟು ಸ್ಥಳ ದೊರೆತಿದೆ. ಕಾಡಿಗೂ ಊರಿಗೂ ನಡುವೆ ಸಾವಿರಾರು ವರ್ಷ ನಡೆದುಬಂದ ಬೇಟೆಯೆಂಬ ವ್ಯವಹಾರಕ್ಕೆ ಮಾತ್ರ ಅಷ್ಟು ಸ್ಥಳ ದೊರೆತಿಲ್ಲ. ಆ ಕೊರತೆಯನ್ನು ಕಿಂಚಿತ್ತಾದರೂ ತುಂಬುವುದು ಈ ಲೇಖನದ ಉದ್ದೇಶ.

ಬೇಟೆಯೆಂದೊಡನೆ ನಮ್ಮ ಕಣ್ಣಿಗೆ ಕಟ್ಟುವುದು ಆನೆಯ ಮೇಲಿನ ದೊರೆ, ಕೈಯಲ್ಲಿ ಕೋವಿ, ಕಾಲ ಬಳಿ ಬಿದ್ದ ಹುಲಿ. ಇದು ಬೇಟೆಯ ಒಂದು ಮುಖ ಮಾತ್ರ. ಕಾಡಿನ ಜನರಿಗೆ ಬೇಟೆಯು ಆಹಾರ, ಕಾಡಂಚಿನ ರೈತನಿಗೆ ಬೆಳೆಯ ಕಾವಲು, ಅರಸನಿಗೆ ವಿನೋದ, ಸರ್ಕಾರಕ್ಕೆ ಆನೆಗಳನ್ನು ಒದಗಿಸುವ ಉದ್ಯಮ. ಈ ನಾಲ್ಕು ಬಗೆಗಳೂ ನಮ್ಮ ಸೀಮೆಯಲ್ಲಿ ಒಂದರ ಪಕ್ಕದಲ್ಲೊಂದು ನಡೆದವು. ನಾಲ್ಕಕ್ಕೂ ಆಧಾರವಾಗಿದ್ದ ವಿದ್ಯೆಯು ಬಹುಮಟ್ಟಿಗೆ ಕಾಡಿನ ಜನರದೇ ಆಗಿತ್ತೆಂಬುದನ್ನು ಮಾತ್ರ ನಾವು ಮರೆತಿದ್ದೇವೆ.

ಕನ್ನಡನಾಡಿನಲ್ಲಿ ಬೇಟೆಗಿದ್ದ ಗೌರವಕ್ಕೆ ಸಾಕ್ಷಿಯನ್ನು ದೂರ ಹುಡುಕಬೇಕಾದುದಿಲ್ಲ. ಹಿಂದೆ ಮೈಸೂರು ಜಿಲ್ಲೆಗೇ ಸೇರಿದ್ದು, 1939ರಿಂದೀಚೆಗೆ ಮಂಡ್ಯ ಜಿಲ್ಲೆಗೆ ಸೇರಿರುವ ಆತಕೂರಿನ ಶಾಸನವು ಸುಮಾರು ಕ್ರಿ. ಶ. 950ಕ್ಕೆ ಸೇರಿದುದು. ಗಂಗರ ಬೂತುಗನ ಸೇವಕನಾದ ಮಣಲೆರನು ಯುದ್ಧದಲ್ಲಿ ಪರಾಕ್ರಮವನ್ನು ತೋರಿದಾಗ, ಒಡೆಯನು ಮೆಚ್ಚಿ ಏನು ಬೇಕೆಂದು ಕೇಳಲು, ಅವನು ಬೇಡಿದುದು ಕಾಳಿಯೆಂಬ ನಾಯಿಯನ್ನು. ಆ ಕಾಳಿಯು ದೊಡ್ಡದೊಂದು ಹಂದಿಯೊಡನೆ ಹೋರಾಡಿತು. ನಾಯಿಯೂ ಹಂದಿಯೂ ಎರಡೂ ಸತ್ತವು. ನಾಯಿಗಾಗಿ ಕಲ್ಲು ನಿಲ್ಲಿಸಿ, ಅದರ ಪೂಜೆಗೆಂದು ಭೂಮಿಯನ್ನು ಬಿಟ್ಟರು. ಗಂಗ ದೊರೆ ಶಿವಮಾರನು ‘ಗಜಾಷ್ಟಕ’ವನ್ನು ರಚಿಸಿದನೆಂಬ ಖ್ಯಾತಿಯುಂಟು. ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ತನ್ನ ‘ಮಾನಸೋಲ್ಲಾಸ’ದಲ್ಲಿ ಮೃಗಯೆಯನ್ನು ರಾಜವಿನೋದಗಳಲ್ಲಿ ಒಂದಾಗಿ ವಿವರಿಸಿದನು. ಹೀಗೆ ಅರಸರ ಬೇಟೆಗೆ ಗ್ರಂಥಗಳು ಹುಟ್ಟಿದವು. ಬೇಡರ ವಿದ್ಯೆಯು ಬಾಯಿಂದ ಬಾಯಿಗೆ ಹರಿಯಿತು.

ಈಗ ಕಾಕನಕೋಟೆಗೆ ಬರೋಣ. ಹೈದರಾಲಿಯು ಇಲ್ಲಿ ಆನೆಗಳನ್ನು ಹಿಂಡುಹಿಂಡಾಗಿ ಹಿಡಿಯಲು ಯತ್ನಿಸಿ ಸೋತನೆಂದೂ, ಮುಂದೆ ಯಾರಿಗೂ ಇದು ಸಾಧ್ಯವಾಗದೆಂದು ಶಾಪಸಹಿತವಾಗಿ ಕಲ್ಲಿನ ಮೇಲೆ ಬರೆಯಿಸಿದನೆಂದೂ ಸ್ಯಾಂಡರ್ಸನ್ ಎಂಬ ಆಂಗ್ಲ ಅಧಿಕಾರಿಯು 1878ರಲ್ಲಿ ಪ್ರಕಟವಾದ ತನ್ನ ಪುಸ್ತಕದಲ್ಲಿ ಬರೆದಿದ್ದಾನೆ. ಆ ಸ್ಯಾಂಡರ್ಸನ್ನನೇ 1874ರಲ್ಲಿ ಚಾಮರಾಜನಗರದ ಕಡೆಯಲ್ಲಿ ಖೆಡ್ಡಾ ನಡೆಸಿ ಆನೆಗಳ ಹಿಂಡನ್ನು ಹಿಡಿದನು. ತರುವಾಯ ಕಾಕನಕೋಟೆಯೇ ಖೆಡ್ಡಾಕ್ಕೆ ಪ್ರಸಿದ್ಧವಾಯಿತು. 1906ರಲ್ಲಿ, ಮುಂದೆ ಐದನೆಯ ಜಾರ್ಜ್ ಚಕ್ರವರ್ತಿಯಾದ ವೇಲ್ಸ್ ರಾಜಕುಮಾರನು ಮೈಸೂರಿಗೆ ಬಂದಾಗ ಅವನಿಗೆ ತೋರಿಸಿದ ವಿಶೇಷಗಳಲ್ಲಿ ಈ ಖೆಡ್ಡಾವೂ ಒಂದು.

ಖೆಡ್ಡಾವೆಂದರೆ ಬರಿಯ ಗದ್ದಲವಲ್ಲ. ಮೊದಲು ಜಾಡುಗಾರರು ಹಿಂಡು ಎಲ್ಲಿದೆಯೆಂದು ಗುರುತಿಸಬೇಕು. ಆಮೇಲೆ ನೂರಾರು ಜನರು ಹಿಂಡನ್ನು ದೂರದಿಂದ ಬಳಸಿ, ರಾತ್ರಿಯಲ್ಲಿ ಬೆಂಕಿ ಹಾಕಿ ಕಾದು, ಆನೆಗಳು ಬೆದರಿ ನುಗ್ಗದಂತೆ ಮೆಲ್ಲಮೆಲ್ಲನೆ ಸೋಹಬೇಕು. ಕಬಿನಿಯ ಹೊಳೆಯನ್ನು ದಾಟಿಸಿ, ಗಟ್ಟಿಯಾದ ದಿಮ್ಮಿಗಳ ಬೇಲಿಯೊಳಕ್ಕೆ ಹಿಂಡನ್ನು ನುಗ್ಗಿಸಿದ ಮೇಲೆ ಬಾಗಿಲು ಬೀಳುತ್ತದೆ. ಬಳಿಕ ಪಳಗಿದ ಕುಮ್ಕಿ ಆನೆಗಳ ಮೇಲೆ ಮಾವುತರು ಒಳಹೊಕ್ಕು ಒಂದೊಂದೇ ಆನೆಗೆ ಹಗ್ಗ ಬಿಗಿಯುವರು. ತಾಯಿಯಿಂದ ಮರಿಯು ಅಗಲಿದ ಕೂಗೂ, ಬಿಡಿಸಿಕೊಳ್ಳಲು ಹೆಣಗಿ ಗಾಯಗೊಂಡ ಆನೆಗಳ ನೋವೂ ಈ ವೈಭವದ ಒಳಗೇ ಇದ್ದವು. ವೇದಿಕೆಯ ಮೇಲೆ ಕುಳಿತು ನೋಡಿದವರ ಹೆಸರು ಚರಿತ್ರೆಯಲ್ಲಿ ಉಳಿಯಿತು. ಜಾಡು ಹಿಡಿದ ಜೇನುಕುರುಬನ ಹೆಸರು ಉಳಿಯಲಿಲ್ಲ. ಮಾಸ್ತಿಯವರು 1938ರಲ್ಲಿ ಪ್ರಕಟಿಸಿದ ‘ಕಾಕನಕೋಟೆ’ ನಾಟಕದಲ್ಲಿ ಕಾಡಿನ ಕುರುಬರನ್ನೇ ಮುಖ್ಯಪಾತ್ರಗಳನ್ನಾಗಿ ನಿಲ್ಲಿಸಿದುದು ಈ ಮರೆವಿಗೆ ಸಾಹಿತ್ಯವು ತೆತ್ತ ಒಂದು ಪ್ರಾಯಶ್ಚಿತ್ತವೆನ್ನಬಹುದು.

ಹಾಗಾದರೆ ಆ ವಿದ್ಯೆ ಯಾವುದು? ಅದರ ಮೊದಲನೆಯ ಪಾಠ ಗಾಳಿ. ಮೃಗಕ್ಕೆ ಕಣ್ಣಿಗಿಂತ ಮೂಗು ಮುಂದು. ಆದುದರಿಂದ ಬೂದಿಯನ್ನೋ ಹುಡಿಮಣ್ಣನ್ನೋ ತೂರಿ ನೋಡಿ, ಗಾಳಿಗೆ ಎದುರಾಗಿಯೇ ಹೆಜ್ಜೆಯಿಡಬೇಕು. ಎರಡನೆಯದು ಜಾಡು. ಹೆಜ್ಜೆಯೊಳಗೆ ಇಬ್ಬನಿ ಬಿದ್ದಿದ್ದರೆ ಮೃಗವು ರಾತ್ರಿಯೇ ಹೋಯಿತು. ಹುಲ್ಲಿನ ಇಬ್ಬನಿ ಉದುರಿದ್ದರೆ ಈಗತಾನೆ ಹೋಯಿತು. ಲದ್ದಿಯ ಬಿಸಿ, ಮುರಿದ ರೆಂಬೆಯ ಹಸಿ, ಹೆಜ್ಜೆಯ ಅಂಚು ಕುಸಿದಿರುವ ಬಗೆ—ಇವು ಬಲ್ಲವನಿಗೆ ಗಡಿಯಾರವಿದ್ದಂತೆ. ಆನೆಯ ಮುಂಗಾಲಿನ ಹೆಜ್ಜೆಯ ಸುತ್ತಳತೆಯನ್ನು ಇಮ್ಮಡಿಸಿದರೆ ಹೆಚ್ಚುಕಡಮೆ ಅದರ ಭುಜದ ಎತ್ತರ ದೊರೆಯುವುದೆಂಬುದು ಎಷ್ಟೋ ಸಲ ಅಳೆದು ಕಂಡುಕೊಂಡ ನಿಜ. ಮೂರನೆಯದು ತಾಳ್ಮೆ. ಅಲುಗದೆ ನಿಂತವನು ಮೃಗದ ಕಣ್ಣಿಗೆ ಸುಲಭವಾಗಿ ಬೀಳುವುದಿಲ್ಲ. ಅಲುಗಿದವನು ಹೊದರಿನ ಮರೆಯಲ್ಲಿದ್ದರೂ ಸಿಕ್ಕಿಬೀಳುತ್ತಾನೆ.

ನಾಲ್ಕನೆಯದು ಸಂಯಮ, ಇದೇ ಕಷ್ಟವಾದುದು. ಸದ್ದು ಕೇಳಿದ ಕಡೆಗೆ ಗುಂಡು ಹಾರಿಸಬಾರದು. ಪೊದೆಯಲ್ಲಿ ಅಲುಗಿದುದು ಜೊತೆಗಾರನೇ ಆಗಿರಬಹುದು. ಗಬ್ಬವಾದ ಮೃಗವನ್ನೂ ಮರಿಯೊಡನಿರುವ ತಾಯಿಯನ್ನೂ ಹೊಡೆಯಬಾರದು. ಗಾಯಗೊಂಡ ಮೃಗವನ್ನು ನರಳಲು ಬಿಟ್ಟು ಬರುವುದು ಹೇಡಿತನ. ಕತ್ತಲಾದ ಮೇಲೆ ಒಬ್ಬನೇ ಅದರ ಹಿಂದೆ ಪೊದೆಗೆ ನುಗ್ಗುವುದು ಮೂರ್ಖತನ. ಈ ಎರಡರ ನಡುವಿನ ದಾರಿಯನ್ನು ತಿಳಿದವನೇ ಬೇಟೆಗಾರ.

ಕಾನೂನು ಈ ಬಾಳಿನೊಳಕ್ಕೆ ಹಂತಹಂತವಾಗಿ ಬಂದಿತು. ಮೈಸೂರು ಸಂಸ್ಥಾನವು 1901ರಲ್ಲಿಯೇ ಬೇಟೆಯ ಮೃಗಗಳ ಮತ್ತು ಮೀನುಗಳ ರಕ್ಷಣೆಗಾಗಿ ಒಂದು ರೆಗ್ಯುಲೇಷನ್ ಮಾಡಿತು. 1955ರಲ್ಲಿ ಕೊಡಗಿನ ಕಡೆಯ ನಾಗರಹೊಳೆಯು ವನ್ಯಮೃಗಧಾಮವಾಯಿತು. ಮೈಸೂರಿನ ಕಡೆಯ ಕಾಡುಗಳೂ ತರುವಾಯ ಕೂಡಿಕೊಂಡು, 1988ರಲ್ಲಿ ಅದು ರಾಷ್ಟ್ರೀಯ ಉದ್ಯಾನವಾಯಿತು. ಕಾಕನಕೋಟೆಯ ಕಡೆಯ ಖೆಡ್ಡಾ 1971ರಲ್ಲಿ ನಡೆಯಿತು. ಅನಂತರ ಕಬಿನಿಗೆ ಅಣೆಕಟ್ಟು ಬಂದು, ಖೆಡ್ಡಾದ ನೆಲವೇ ನೀರಿನ ಪಾಲಾಯಿತು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯೂ ಅದಕ್ಕೆ 1991ರಲ್ಲಿ ಆದ ತಿದ್ದುಪಡಿಯೂ ಸೇರಿ ವಿನೋದದ ಬೇಟೆಗೆ ತೆರೆ ಎಳೆದವು.

ಈ ಕಾಯಿದೆ ಅವಶ್ಯವಾಗಿತ್ತೆಂಬುದರಲ್ಲಿ ಸಂದೇಹವಿಲ್ಲ. ಅದಿಲ್ಲದಿದ್ದರೆ ಇಂದು ನಾಗರಹೊಳೆಯಲ್ಲಿ ಹುಲಿಯ ಹೆಜ್ಜೆಯನ್ನು ಕಾಣುತ್ತಿರಲಿಲ್ಲ. ಆದರೆ ಅದರ ಭಾರವು ಎಲ್ಲರ ಮೇಲೂ ಸಮನಾಗಿ ಬೀಳಲಿಲ್ಲವೆಂಬುದನ್ನೂ ಹೇಳಬೇಕು. ಬೇಟೆಯು ನಿಂತಾಗ ಅರಸನಿಗೆ ನಷ್ಟವಾದುದು ಒಂದು ವಿನೋದ; ಕಾಡಿನವನಿಗೆ ನಷ್ಟವಾದುದು ಒಂದು ಬಾಳು. ಹುಣಸೂರು ತಾಲ್ಲೂಕಿನ ಪಕ್ಷಿರಾಜಪುರದ ಹಕ್ಕಿಪಿಕ್ಕಿ ಜನರನ್ನು ನೋಡಿರಿ. ಬಲೆಯೊಡ್ಡಿ ಹಕ್ಕಿ ಹಿಡಿಯುವುದು ಅವರ ಕುಲಕಸುಬಾಗಿತ್ತು. ಅವರ ಹೆಸರೇ ಅದನ್ನು ಸಾರುತ್ತದೆ. ಆ ಕಸುಬು ಅಪರಾಧವಾದ ಮೇಲೆ ಅವರು ಗಿಡಮೂಲಿಕೆಯ ತಲೆಯೆಣ್ಣೆಯನ್ನು ಮಾರುತ್ತ ದೇಶವಿದೇಶಗಳಿಗೆ ಹೊರಟರು. 2023ರ ಏಪ್ರಿಲಿನಲ್ಲಿ ಸೂಡಾನ್ ದೇಶದಲ್ಲಿ ಅಂತಃಕಲಹ ಎದ್ದಾಗ, ಅಲ್ಲಿ ಸಿಕ್ಕಿಕೊಂಡವರಲ್ಲಿ ಕರ್ಣಾಟಕದ ಹಕ್ಕಿಪಿಕ್ಕಿಗಳೂ ಇದ್ದರೆಂಬುದನ್ನು ಪತ್ರಿಕೆಗಳಲ್ಲಿ ಓದಿ ನಮ್ಮಲ್ಲಿ ಎಷ್ಟೋ ಮಂದಿ ಬೆರಗಾದರು. ಕಾಡಿನ ಬಾಗಿಲು ಮುಚ್ಚಿದಾಗ ಅವರು ಎಷ್ಟು ದೂರ ನಡೆಯಬೇಕಾಯಿತೆಂದು ಯೋಚಿಸಿದವರು ಕೆಲವರೇ.

ಬೇಟೆ ನಿಂತರೂ ವಿದ್ಯೆಗೆ ಕೆಲಸವು ಇನ್ನೂ ಇದೆ. ದಸರಾ ಆನೆಗಳು ಪ್ರತಿವರ್ಷ ಹುಣಸೂರು ತಾಲ್ಲೂಕಿನ ವೀರನಹೊಸಹಳ್ಳಿಯಿಂದ ಗಜಪಯಣ ಹೊರಡುವಾಗ, ಅವುಗಳ ಕೊರಳ ಮೇಲೆ ಕುಳಿತವರಲ್ಲಿ ಜೇನುಕುರುಬರು ಅನೇಕರು. 1968ರಲ್ಲಿ ಕಾಕನಕೋಟೆಯ ಖೆಡ್ಡಾದಲ್ಲಿ ಸೆರೆಸಿಕ್ಕ ಅರ್ಜುನನೆಂಬ ಆನೆಯು 2012ರಿಂದ 2019ರವರೆಗೆ ಚಿನ್ನದ ಅಂಬಾರಿಯನ್ನು ಹೊತ್ತು, 2023ರ ಡಿಸೆಂಬರ್ 4ರಂದು ಸಕಲೇಶಪುರದ ಕಡೆಯಲ್ಲಿ ಕಾಡಾನೆಯನ್ನು ಹಿಡಿಯುವ ಕಾರ್ಯದಲ್ಲಿ ಮಡಿಯಿತು. ಸೆರೆಯಾಗಿ ಬಂದುದು ಸೆರೆಹಿಡಿಯುವ ಕೆಲಸದಲ್ಲಿಯೇ ಸತ್ತಿತು. ಕಾಕನಕೋಟೆಯ ಚರಿತ್ರೆಯೆಲ್ಲವೂ ಆ ಒಂದು ಪ್ರಾಣಿಯ ಬಾಳಿನಲ್ಲಿ ಅಡಗಿದೆ. ಕಾಡಿನ ಕಾವಲಿಗೂ ಹುಲಿಯ ಗಣತಿಗೂ ಬೇಕಾದುದು ಹಿಂದಿನ ಆ ಜಾಡುಗಾರನ ಕಣ್ಣೇ. ಅವನು ಅಂದು ಕೊಲ್ಲಲು ಓದುತ್ತಿದ್ದ ಹೆಜ್ಜೆಯನ್ನು ಇಂದು ಉಳಿಸಲು ಓದುತ್ತಾನೆ.

ಕಾಡಂಚಿನ ರೈತನ ಕಷ್ಟವೂ ಸಾಮಾನ್ಯವಲ್ಲ. ಹಂದಿಯೂ ಆನೆಯೂ ಒಂದು ರಾತ್ರಿಯಲ್ಲಿ ವರ್ಷದ ಅನ್ನವನ್ನು ತುಳಿದುಹಾಕುತ್ತವೆ. ಅವನಿಗೆ ಪರಿಹಾರವು ಬೇಗ ದೊರೆಯಬೇಕೆಂಬುದು ನ್ಯಾಯವೇ. ಆದರೆ ಬೇಲಿಗೆ ವಿದ್ಯುತ್ತನ್ನು ಹರಿಸುವುದು, ತಂತಿಯ ಉರುಳನ್ನು ಒಡ್ಡುವುದು, ತಿನಿಸಿನಲ್ಲಿ ಸಿಡಿಮದ್ದನ್ನು ಅಡಗಿಸುವುದು, ಇವುಗಳಲ್ಲಿ ಹಳೆಯ ಬೇಟೆಯ ಒಂದು ನೀತಿಯೂ ಇಲ್ಲ. ಉರುಳಿಗೆ ತಾಯಿಯೂ ಒಂದೇ, ಮರಿಯೂ ಒಂದೇ. ವಿದ್ಯುತ್ತಂತಿಗೆ ಹಂದಿಯೂ ಒಂದೇ, ನೆರೆಮನೆಯ ಮಗುವೂ ಒಂದೇ. ನಮ್ಮ ಬೇಡರು ಇದನ್ನು ಬೇಟೆಯೆಂದು ಒಪ್ಪುತ್ತಿರಲಿಲ್ಲ.

ಕಡೆಯದಾಗಿ ವಾಚಕರಲ್ಲಿ ಒಂದು ವಿಜ್ಞಾಪನೆ. ಈ ತಾಲ್ಲೂಕುಗಳ ಹಾಡಿಗಳಲ್ಲಿ ಖೆಡ್ಡಾವನ್ನು ಕಣ್ಣಾರೆ ಕಂಡ ಹಿರಿಯರು ಇನ್ನು ಕೆಲವರು ಮಾತ್ರ ಇರಬಹುದು. ಅವರು ಗಾಳಿಗೆ, ಹೆಜ್ಜೆಗೆ, ಮೃಗದ ಕೂಗಿಗೆ ಇಟ್ಟ ಹೆಸರುಗಳು ನಮ್ಮ ಯಾವ ನಿಘಂಟಿನಲ್ಲಿಯೂ ಪೂರ್ಣವಾಗಿ ಸೇರಿಲ್ಲ. ಕಾಳಿಯೆಂಬ ನಾಯಿಗಾಗಿ ಕಲ್ಲು ನಿಲ್ಲಿಸಿದ ನಾಡು ನಮ್ಮದು. ಆ ನಾಯಿಯೊಡನೆ ಕಾಡಿನಲ್ಲಿ ನಡೆದ ಮನುಷ್ಯರಿಗಾಗಿ ನಾವು ಕಲ್ಲು ನಿಲ್ಲಿಸದಿದ್ದರೂ ಚಿಂತೆಯಿಲ್ಲ. ಅವರ ಬಳಿ ಕುಳಿತು, ಅವರ ಒಪ್ಪಿಗೆಯನ್ನು ಪಡೆದು, ಅವರು ಹೇಳಿದುದನ್ನು ಅವರ ಹೆಸರಿನಲ್ಲಿಯೇ ಬರೆದಿಡುವಷ್ಟು ಕೃತಜ್ಞತೆಯಾದರೂ ನಮ್ಮಲ್ಲಿ ಇರಲಿ.