ಅಮೆರಿಕದ ಆರೋಗ್ಯ ಸುಧಾರಣೆ: ಅತ್ತಿತ್ತ ತೂಗಿದ ತಕ್ಕಡಿ

ಎಲ್ಲರಿಗೂ ಆರೋಗ್ಯ ವಿಮೆ ಒದಗಿಸಬೇಕೆಂಬ ಚರ್ಚೆ ಅಮೆರಿಕದಲ್ಲಿ ಹಳೆಯದು. 1945ರಲ್ಲಿ ಅಧ್ಯಕ್ಷ ಹ್ಯಾರಿ ಟ್ರೂಮನ್ ಮಂಡಿಸಿದ ರಾಷ್ಟ್ರೀಯ ವಿಮೆಯ ಪ್ರಸ್ತಾವ ಕೈಗೂಡಲಿಲ್ಲ. 1965ರಲ್ಲಿ ಲಿಂಡನ್ ಜಾನ್ಸನ್ ವೃದ್ಧರಿಗಾಗಿ ಮೆಡಿಕೇರ್, ಬಡವರಿಗಾಗಿ ಮೆಡಿಕೇಡ್ ಯೋಜನೆಗಳಿಗೆ ಅಂಕಿತ ಹಾಕಿದರು. ಬಿಲ್ ಕ್ಲಿಂಟನ್ ಅವರ ಯತ್ನ 1994ರಲ್ಲಿ ವಿಫಲವಾಯಿತು. 2009ರ ಜನವರಿಯಲ್ಲಿ ಬರಾಕ್ ಒಬಾಮ ಅಧಿಕಾರಕ್ಕೆ ಬಂದಾಗ ಸುಮಾರು 4.6 ಕೋಟಿ ಜನರಿಗೆ ಯಾವ ವಿಮೆಯೂ ಇರಲಿಲ್ಲ. ಸ್ವಂತ ಖರ್ಚಿನಲ್ಲಿ ವಿಮೆ ಕೊಳ್ಳಹೊರಟ ರೋಗಿಗಳನ್ನು, ಕಾಯಿಲೆಯ ಕಾರಣಕ್ಕೇ ತಿರಸ್ಕರಿಸಲು ಬಹುತೇಕ ರಾಜ್ಯಗಳಲ್ಲಿ ಅವಕಾಶವಿತ್ತು.

ಅರವತ್ತರ ಲೆಕ್ಕಾಚಾರ

ನೂರು ಸದಸ್ಯರ ಸೆನೆಟ್‌ನಲ್ಲಿ ವಿರೋಧಿಗಳು ಚರ್ಚೆಯನ್ನು ಎಳೆದಾಡಿ ಮಸೂದೆಯನ್ನು ತಡೆಹಿಡಿಯಬಹುದು. ಅದನ್ನು ಮುರಿಯಲು 60 ಮತಗಳು ಬೇಕು. 2009ರ ಜುಲೈನಲ್ಲಿ ಡೆಮಾಕ್ರಟಿಕ್ ಬಣಕ್ಕೆ ಆ ಬಲ ದೊರೆಯಿತು. ಆದರೆ ಆಗಸ್ಟ್‌ನಲ್ಲಿ ಸಂಸದರು ತಮ್ಮ ಕ್ಷೇತ್ರಗಳಲ್ಲಿ ನಡೆಸಿದ ಸಭೆಗಳಲ್ಲಿ ಪ್ರತಿಭಟನೆ ಭುಗಿಲೆದ್ದಿತು. ಸುಧಾರಣೆಗಾಗಿ ದಶಕಗಳ ಕಾಲ ದುಡಿದಿದ್ದ ಸೆನೆಟರ್ ಎಡ್ವರ್ಡ್ ಕೆನಡಿ ಅದೇ ತಿಂಗಳ 25ರಂದು ನಿಧನರಾದರು.

ಆದರೂ ಮಸೂದೆ ಮುಂದೆ ಸಾಗಿತು. ನವೆಂಬರ್ 7ರಂದು ಪ್ರತಿನಿಧಿ ಸಭೆ 220-215 ಮತಗಳಿಂದ ತನ್ನ ಮಸೂದೆಯನ್ನು ಅಂಗೀಕರಿಸಿತು. ಡಿಸೆಂಬರ್ 24ರಂದು ಸೆನೆಟ್ 60-39 ಮತಗಳಿಂದ ತನ್ನದೇ ಮಸೂದೆಗೆ ಒಪ್ಪಿಗೆ ನೀಡಿತು. ಎರಡನ್ನೂ ಹೊಂದಿಸುವ ಮೊದಲೇ, 2010ರ ಜನವರಿ 19ರಂದು ಕೆನಡಿಯವರಿಂದ ತೆರವಾದ ಸ್ಥಾನವನ್ನು ರಿಪಬ್ಲಿಕನ್ ಪಕ್ಷದ ಸ್ಕಾಟ್ ಬ್ರೌನ್ ಗೆದ್ದುಕೊಂಡರು. ಅರವತ್ತರ ಬಲ ಮುರಿಯಿತು. ಸುಧಾರಣೆ ಮುಗಿದ ಕಥೆಯೆಂದು ಅನೇಕರು ಭಾವಿಸಿದರು.

ಮರಳಿ ಬಂದ ಬಲ

ಫೆಬ್ರುವರಿಯಲ್ಲಿ ಕ್ಯಾಲಿಫೋರ್ನಿಯಾದ ದೊಡ್ಡ ವಿಮಾ ಕಂಪೆನಿಯೊಂದು ಕೆಲವು ಗ್ರಾಹಕರ ಕಂತನ್ನು ಶೇ 39ರಷ್ಟು ಏರಿಸಲು ಹೊರಟದ್ದು ಒಬಾಮ ಅವರ ವಾದಕ್ಕೆ ಬಲ ತಂದಿತು. ಸ್ಪೀಕರ್ ನ್ಯಾನ್ಸಿ ಪೆಲೋಸಿ ನೇತೃತ್ವದಲ್ಲಿ ಪ್ರತಿನಿಧಿ ಸಭೆ ಸೆನೆಟ್‌ನ ಮಸೂದೆಯನ್ನೇ ಮಾರ್ಚ್ 21ರಂದು 219-212 ಮತಗಳಿಂದ ಒಪ್ಪಿಕೊಂಡಿತು. ಹೀಗಾಗಿ ಅದು ಮತ್ತೆ 60 ಮತಗಳ ಪರೀಕ್ಷೆಗೆ ಒಳಗಾಗಬೇಕಾಗಲಿಲ್ಲ. ಬಜೆಟ್ ಸಂಬಂಧಿತ ತಿದ್ದುಪಡಿಗಳನ್ನು ಸರಳ ಬಹುಮತ ಸಾಲುವ ಪ್ರತ್ಯೇಕ ಮಸೂದೆಯಲ್ಲಿ ತರಲಾಯಿತು. ಮಾರ್ಚ್ 23ರಂದು ಕಾಯ್ದೆಗೆ ಅಧ್ಯಕ್ಷರ ಅಂಕಿತ ಬಿದ್ದಿತು.

ಗೆಲುವಿಗೆ ಬೆಲೆಯೂ ಇತ್ತು. ಅದೇ ನವೆಂಬರ್‌ನ ಚುನಾವಣೆಯಲ್ಲಿ ಡೆಮಾಕ್ರಟರು ಪ್ರತಿನಿಧಿ ಸಭೆಯಲ್ಲಿ ಬಹುಮತ ಕಳೆದುಕೊಂಡರು. 2012ರಲ್ಲಿ ಸುಪ್ರೀಂ ಕೋರ್ಟ್ 5-4ರ ತೀರ್ಪಿನಲ್ಲಿ ಕಾಯ್ದೆಯನ್ನು ಬಹುತೇಕ ಎತ್ತಿಹಿಡಿದರೂ, ಮೆಡಿಕೇಡ್ ವಿಸ್ತರಣೆಯನ್ನು ರಾಜ್ಯಗಳ ಇಚ್ಛೆಗೆ ಬಿಟ್ಟಿತು.

ರದ್ದತಿ ಸಮೀಪಿಸಿದಾಗ

2017ರಲ್ಲಿ ಡೊನಾಲ್ಡ್ ಟ್ರಂಪ್ ಅಧ್ಯಕ್ಷರಾದಾಗ ಸಂಸತ್ತಿನ ಎರಡೂ ಸದನಗಳು ರಿಪಬ್ಲಿಕನ್ನರ ಕೈಯಲ್ಲಿದ್ದವು. ಆದರೆ ವಿಮೆ ಕೈತಪ್ಪುವ ಭೀತಿ ನಿಜವಾಗುತ್ತಿದ್ದಂತೆ ಕಾಯ್ದೆಗೆ ಜನಬೆಂಬಲ ಹೆಚ್ಚಿತು. ಈ ಬಾರಿ ಸಂಸದರ ಸಭೆಗಳಲ್ಲಿ ಮೊಳಗಿದ್ದು ಕಾಯ್ದೆಯ ಪರ ದನಿ. ಜುಲೈ 28ರ ನಸುಕಿನಲ್ಲಿ ಸೆನೆಟ್‌ನಲ್ಲಿ ರದ್ದತಿಯ ಪ್ರಸ್ತಾವ 49-51 ಮತಗಳಿಂದ ಬಿದ್ದುಹೋಯಿತು. ಮೂವರು ರಿಪಬ್ಲಿಕನ್ನರು ವಿರುದ್ಧ ಮತ ಚಲಾಯಿಸಿದ್ದರು. ಅವರಲ್ಲಿ ಒಬ್ಬರು ಜಾನ್ ಮೆಕೇನ್.

ಮಸೂದೆಯಾಗಿದ್ದಾಗ ಜನರನ್ನು ಕಾಡಿದ್ದು ಬದಲಾವಣೆಯ ಅಂಜಿಕೆ. ಕಾಯ್ದೆಯಾದ ಮೇಲೆ ಕಾಡಿದ್ದು ದೊರೆತದ್ದನ್ನು ಕಳೆದುಕೊಳ್ಳುವ ಅಂಜಿಕೆ. ತಕ್ಕಡಿ ಎರಡೂ ಸಲ ವಾಲಿದ್ದು ಅಂಜಿಕೆಯ ಕಡೆಗೇ.